ಸಪಾಟು ತಳದ ಕಾರ್ಬನ್ ಸ್ಟೀಲ್ ಬಾಣಲೆ: ಮನೆಯ ಚೈನೀಸ್ ಅಡುಗೆಗೆ ಎಷ್ಟು ಉಪಯುಕ್ತ?

ಮನೆಯಲ್ಲಿ ಚೈನೀಸ್ ಮಾದರಿಯ ತಿನಿಸುಗಳನ್ನು ಮಾಡುವವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಗೋಬಿ ಮಂಚೂರಿ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ, ನೂಡಲ್ಸ್ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ, ಎಲೆಕೋಸು ಮತ್ತು ಕ್ಯಾರೆಟ್ ನೀರು ಬಿಟ್ಟುಕೊಂಡು ಪಲ್ಯವಾಗುತ್ತವೆ, ಹೋಟೆಲಿನ ಘಮ ಮಾತ್ರ ಬರುವುದೇ ಇಲ್ಲ. ಇದಕ್ಕೆ ಪರಿಹಾರವೆಂದು ನಾವು ಸಾಸಿನ ಬಾಟಲಿಗಳನ್ನೂ ಮಸಾಲೆಯ ಪೊಟ್ಟಣಗಳನ್ನೂ ಒಂದರ ಮೇಲೊಂದರಂತೆ ಕೊಳ್ಳುತ್ತೇವೆ. ಒಂದು ವರ್ಷಕ್ಕೂ ಮಿಕ್ಕಿ ಕಾರ್ಬನ್ ಸ್ಟೀಲಿನ ಚೀನೀ ಬಾಣಲೆಯಲ್ಲಿ, ಅಂದರೆ ವಾಕ್‌ನಲ್ಲಿ, ತರಕಾರಿ ಅಡುಗೆಗಳನ್ನು ಮಾಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಆ ಬಾಟಲಿಗಳಿಗೆ ಸುರಿಯುವ ಹಣವನ್ನು ಒಮ್ಮೆ ಒಳ್ಳೆಯ ಬಾಣಲೆಗೆ ಹಾಕಿ, ಒಂದು ಸಲಕ್ಕೆ ಬೇಯಿಸುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿಕೊಂಡರೆ ಈ ದೂರುಗಳಲ್ಲಿ ಬಹುಪಾಲು ತಾವಾಗಿಯೇ ಇಲ್ಲವಾಗುತ್ತವೆ.

ನಾನು ಬಳಸುತ್ತಿರುವ ಬಾಣಲೆಯ ಬಾಯಿಯ ಅಗಲ 30 ಸೆಂಟಿಮೀಟರ್, ಸಪಾಟಾದ ತಳದ ಅಗಲ ಸುಮಾರು 14 ಸೆಂಟಿಮೀಟರ್, ತಗಡಿನ ದಪ್ಪ 1.5 ಮಿಲಿಮೀಟರ್, ತೂಕ ಒಂದೂವರೆ ಕಿಲೋಗ್ರಾಂಗಿಂತ ತುಸು ಕಡಿಮೆ. ಒಂದು ಬದಿಗೆ ಮರದ ಉದ್ದನೆಯ ಹಿಡಿಕೆಯಿದೆ, ಅದರ ಎದುರಿಗೆ ಎತ್ತಿ ಹಿಡಿಯಲು ಸಣ್ಣದೊಂದು ಕಿವಿಯಿದೆ. ಬೆಲೆ ಎರಡು ಸಾವಿರ ರೂಪಾಯಿಯ ಒಳಗಿತ್ತು. ಇದೇ ಅಳತೆಯ ಬಾಣಲೆಗಳನ್ನು ಹಲವು ತಯಾರಕರು ಮಾರುತ್ತಾರೆ. ಅವುಗಳ ನಡುವೆ ಹೆಸರಿಗಿಂತ ದಪ್ಪ, ತಳ ಮತ್ತು ಹಿಡಿಕೆಯ ವ್ಯತ್ಯಾಸವೇ ಮುಖ್ಯವಾದುದರಿಂದ ಈ ವಿಮರ್ಶೆಯನ್ನು ಒಂದು ಬಗೆಯ ಬಾಣಲೆಯ ಕುರಿತು ಬರೆದದ್ದೆಂದು ಓದಬಹುದು.

ನಮ್ಮ ಅಡುಗೆಮನೆಗಳಲ್ಲಿ ಈಗಾಗಲೇ ಇರುವ ಬಾಣಲೆಗಳಿಂದ ಈ ಕೆಲಸ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ಸಹಜ. ನಾನ್‌ಸ್ಟಿಕ್ ಬಾಣಲೆಯ ಲೇಪವು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಆರಂಭಿಸುತ್ತದೆ. ಚೈನೀಸ್ ಹುರಿಯುವಿಕೆಗೆ ಬೇಕಾದದ್ದು ಖಾಲಿ ಬಾಣಲೆಯನ್ನು ಹೊಗೆಯಾಡುವವರೆಗೆ ಕಾಯಿಸುವುದಾದ್ದರಿಂದ ಅದನ್ನು ಈ ಕೆಲಸಕ್ಕೆ ಬಳಸಲೇಬಾರದು. ಎರಕದ ಕಬ್ಬಿಣದ ಬಾಣಲೆ ಕಾವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಕಾಯಲು ಬಹಳ ಹೊತ್ತು ಬೇಕು, ಉರಿ ತಗ್ಗಿಸಿದರೂ ಬೇಗ ತಣಿಯದು, ಒಂದು ಕೈಯಲ್ಲಿ ಎತ್ತಿ ಅಲುಗಿಸಲಂತೂ ಆಗದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅನ್ನವೂ ನೂಡಲ್ಸೂ ತಳಕ್ಕೆ ಕಚ್ಚಿಕೊಳ್ಳುತ್ತವೆ. ಕಾರ್ಬನ್ ಸ್ಟೀಲ್ ಕೂಡ ಕಬ್ಬಿಣವೇ. ಎರಕದ ಕಬ್ಬಿಣದಲ್ಲಿ ಶೇಕಡ 2ಕ್ಕಿಂತ ಹೆಚ್ಚು ಇಂಗಾಲವಿದ್ದರೆ ಇದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಅದು ಬಿರುಸಾಗದೆ ತೆಳುವಾದ ತಗಡಾಗಿ ಬಾಗುತ್ತದೆ, ಒಲೆಯ ಉರಿಯ ಏರಿಳಿತಕ್ಕೆ ತಕ್ಷಣ ಓಗೊಡುತ್ತದೆ. ಉರಿ ಹೆಚ್ಚಿಸಿದ ಒಂದೆರಡು ನಿಮಿಷಗಳಲ್ಲಿ ಹೊಗೆ, ತಗ್ಗಿಸಿದ ಅರ್ಧ ನಿಮಿಷದಲ್ಲಿ ಶಾಂತ. ಬೆಳ್ಳುಳ್ಳಿ ಹೊಂಬಣ್ಣದಿಂದ ಕಪ್ಪಿಗೆ ತಿರುಗಲು ಕೆಲವೇ ಕ್ಷಣ ಸಾಕಾಗುವ ಅಡುಗೆಯಲ್ಲಿ ಈ ಗುಣಕ್ಕೆ ಬಹಳ ಬೆಲೆಯಿದೆ.

ಕಾರ್ಬನ್ ಸ್ಟೀಲಿಗೆ ಬೇಕಾದ ಮೊದಲ ಆರೈಕೆ ಕನ್ನಡದ ಮನೆಗಳಿಗೆ ಹೊಸದೇನಲ್ಲ. ದೋಸೆಯ ಕಬ್ಬಿಣದ ಕಾವಲಿಯನ್ನು ಪಳಗಿಸಿದವರು ಇದನ್ನೂ ಪಳಗಿಸಬಲ್ಲರು. ಅಂಗಡಿಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ಬಾಣಲೆಗೆ ಎಣ್ಣೆಯಂಥ ರಕ್ಷಣಾ ಲೇಪವನ್ನು ಸವರಿರುತ್ತಾರೆ. ಅದನ್ನು ಬಿಸಿನೀರು, ಸೋಪು ಮತ್ತು ತಂತಿಯ ಬ್ರಷ್ಷಿನಿಂದ ಪೂರ್ತಿಯಾಗಿ ಉಜ್ಜಿ ತೆಗೆಯಬೇಕು. ಬಳಿಕ ಒಣ ಬಾಣಲೆಯನ್ನು ದೊಡ್ಡ ಉರಿಯ ಮೇಲಿಟ್ಟು ಎಲ್ಲ ಬದಿಗಳನ್ನೂ ತಿರುಗಿಸುತ್ತ ಕಾಯಿಸಿದರೆ ಬೂದು ಬಣ್ಣದ ಲೋಹ ಮೊದಲು ಹಳದಿ ಕಂದಾಗಿ, ಆಮೇಲೆ ನವಿಲುಗರಿಯ ನೀಲಿಗೆ ತಿರುಗುತ್ತದೆ. ಆಗ ಉರಿ ತಗ್ಗಿಸಿ, ಬಟ್ಟೆಯ ತುಂಡಿನಿಂದ ಎಣ್ಣೆಯನ್ನು ಅತ್ಯಂತ ತೆಳುವಾಗಿ ಸವರಿ, ಮಿಕ್ಕದ್ದನ್ನು ಒರೆಸಿ ತೆಗೆದು, ಮತ್ತೆ ಹೊಗೆ ನಿಲ್ಲುವವರೆಗೆ ಕಾಯಿಸಬೇಕು. ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಎಣ್ಣೆ ಗಟ್ಟಿಯಾದ ಪದರವಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಇದಕ್ಕೆ ಒಳ್ಳೆಯದು. ತೆಂಗಿನೆಣ್ಣೆ ಮತ್ತು ತುಪ್ಪದಲ್ಲಿ ಹೀಗೆ ಪದರ ಕಟ್ಟುವ ಗುಣ ಕಡಿಮೆ, ಆದ್ದರಿಂದ ಕರಾವಳಿಯ ಓದುಗರು ಈ ಒಂದು ಕೆಲಸಕ್ಕೆ ಬೇರೆ ಎಣ್ಣೆ ಬಳಸುವುದು ಲೇಸು. ಕೊನೆಗೆ ಈರುಳ್ಳಿ ಸೊಪ್ಪು ಮತ್ತು ಶುಂಠಿಯ ತುಂಡುಗಳನ್ನು ಹಾಕಿ, ಅವು ಕಪ್ಪಾಗುವವರೆಗೆ ಬಾಣಲೆಯ ತುಂಬ ಉಜ್ಜುತ್ತ ಹುರಿದು ಎಸೆಯುವುದು ಚೀನೀ ಮನೆಗಳ ಪದ್ಧತಿ. ಹೊಸ ಲೋಹದ ವಾಸನೆ ಅದರೊಂದಿಗೆ ಹೋಗುತ್ತದೆ.

ಇನ್ನು ಉರಿಯ ವಿಷಯ. ಈ ಬಾಣಲೆಯ ಬಗ್ಗೆ ಬರುವ ಜಾಹೀರಾತುಗಳು ಹೇಳದೆ ಬಿಡುವ ಸಂಗತಿ ಇದೇ ಆದುದರಿಂದ ತುಸು ವಿವರವಾಗಿ ಬರೆಯುತ್ತೇನೆ. ಚೈನೀಸ್ ಹೋಟೆಲಿನ ಒಲೆಗಳು ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಕೊಡುತ್ತವೆ. ಹೋಟೆಲಿನ ಬಾಣಸಿಗ ನಾಲ್ಕು ಪ್ಲೇಟಿನಷ್ಟು ನೂಡಲ್ಸನ್ನು ಒಮ್ಮೆಗೇ ಸುರಿದರೂ ಬಾಣಲೆ ತಣಿಯುವುದಿಲ್ಲ. ತರಕಾರಿಯಿಂದ ಹೊರಬಂದ ನೀರು ಬಂದಂತೆಯೇ ಆವಿಯಾಗಿ ಹೋಗುತ್ತದೆ. ಮನೆಯ ಒಲೆಯ ಮೇಲೆ ಅಷ್ಟೇ ಸುರಿದರೆ ಬಾಣಲೆಯ ಕಾವು ಕುಸಿದು, ನೀರು ತಳದಲ್ಲಿ ನಿಂತು, ತರಕಾರಿ ಹುರಿಯುವ ಬದಲು ಬೇಯಲು ತೊಡಗುತ್ತದೆ. ಯಾವ ಬಾಣಲೆಯೂ ಒಲೆಯ ಈ ಮಿತಿಯನ್ನು ಮೀರಲಾರದು. ಆದರೆ ಪ್ರಮಾಣ ತಗ್ಗಿಸಿದರೆ ಮಿತಿಯೊಳಗೇ ಒಳ್ಳೆಯ ಫಲ ಸಿಗುತ್ತದೆ: ಒಂದು ಸಲಕ್ಕೆ ಇಬ್ಬರಿಗೆ ಸಾಲುವಷ್ಟು, ಅಂದರೆ ಹೆಚ್ಚಿದ ತರಕಾರಿ ಎರಡು ಹಿಡಿ, ನೂಡಲ್ಸ್ ಅಥವಾ ಅನ್ನ ಎರಡು ಬಟ್ಟಲು. ನಾಲ್ವರ ಮನೆಯಲ್ಲಿ ಎರಡು ಸರತಿ ಮಾಡಬೇಕಾಗುತ್ತದೆ. ಒಂದೊಂದು ಸರತಿಯೂ ನಾಲ್ಕೈದು ನಿಮಿಷದ ಕೆಲಸವಾದ್ದರಿಂದ ಇದು ತೊಂದರೆಯಲ್ಲ, ತಯಾರಿಯನ್ನೆಲ್ಲ ಮೊದಲೇ ಮುಗಿಸಿ ಪಕ್ಕದಲ್ಲಿಟ್ಟುಕೊಂಡಿರಬೇಕು ಅಷ್ಟೆ.

ಹೀಗೆ ಬಳಸಿದಾಗ ಬಾಣಲೆಯ ಇಳಿಜಾರು ಬದಿಗಳ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ತಳದಲ್ಲಿ ತೀವ್ರ ಕಾವು, ಬದಿಗಳಲ್ಲಿ ಸಾಧಾರಣ ಕಾವು. ಬೆಂದ ಬೀನ್ಸನ್ನು ಬದಿಗೆ ಸರಿಸಿ ತಳದಲ್ಲಿ ಹೊಸದಾಗಿ ಬೆಳ್ಳುಳ್ಳಿ ಹಾಕಬಹುದು. ಸೋಯಾ ಸಾಸನ್ನು ತರಕಾರಿಯ ಮೇಲೆ ಸುರಿಯದೆ, ಬಾಣಲೆಯ ಅಂಚಿನ ಸುತ್ತ ತೆಳುವಾಗಿ ಬಿಟ್ಟರೆ ಅದು ಚುರ್ರೆಂದು ಕುದಿದು, ಕ್ಷಣದಲ್ಲಿ ಸುಟ್ಟ ಸಕ್ಕರೆಯ ಘಮ ಪಡೆದು ಕೆಳಗಿಳಿಯುತ್ತದೆ. ಹೋಟೆಲಿನ ರುಚಿ ಎಂದು ನಾವು ಗುರುತಿಸುವ ಹೊಗೆಯ ಸೊಗಡಿನ ಒಂದು ಪಾಲು ಮನೆಯಲ್ಲಿ ಸಿಗುವುದು ಈ ಕ್ಷಣದಲ್ಲಿಯೇ. ನಾನ್‌ಸ್ಟಿಕ್ ಬಾಣಲೆಯಲ್ಲಿ ಇದನ್ನು ಎಷ್ಟು ಪ್ರಯತ್ನಿಸಿದರೂ ಸಾಸ್ ಬರಿದೆ ತೇವವಾಗಿ ಇಳಿಯುತ್ತದೆ.

ಈ ಬಾಣಲೆಯನ್ನು ಕೊಳ್ಳುವ ಕನ್ನಡಿಗರು ಅದರಲ್ಲಿ ಮೊದಲು ಮಾಡುವುದು ಗೋಬಿ ಮಂಚೂರಿಯನ್ನೇ ಇರಬೇಕು, ಆದ್ದರಿಂದ ಅದನ್ನು ಕುರಿತು ಹೆಚ್ಚು ಬರೆಯುವುದು ನ್ಯಾಯ. ಈ ತಿನಿಸು ಚೀನಾದ್ದಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ಭಾರತೀಯ ಒಗ್ಗರಣೆಗೆ ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಸೇರಿಸಿ ಕೋಳಿಯ ಮಂಚೂರಿಯನ್ ಮಾಡಿದರೆಂಬುದು ಪ್ರಸಿದ್ಧ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಕರ್ನಾಟಕದ ಬೀದಿಬದಿಯ ತಳ್ಳುಗಾಡಿಗಳಲ್ಲಿ, ಜಾತ್ರೆಗಳಲ್ಲಿ, ಮದುವೆಯ ಆರತಕ್ಷತೆಯ ಊಟಗಳಲ್ಲಿ ಬೇರೂರಿತು. ಅದರೊಂದಿಗೆ ಕಡುಗೆಂಪು ಬಣ್ಣವೂ ಬೇರೂರಿತು. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು; ಪರೀಕ್ಷೆಗೆ ಒಳಪಡಿಸಿದ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್‌ನಂಥ ಕೃತಕ ಬಣ್ಣಗಳು ಕಂಡುಬಂದಿದ್ದವು. ಮನೆಯಲ್ಲಿ ಮಾಡಬೇಕೆಂದು ಹಲವರು ಗಂಭೀರವಾಗಿ ಯೋಚಿಸಿದ್ದು ಆ ಸುದ್ದಿಯ ನಂತರವೇ, ನಾನೂ ಅವರಲ್ಲಿ ಒಬ್ಬ.

ಬಣ್ಣಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಕೆಂಪು ಹೆಚ್ಚು ಎಂಬುದೇ ಅದರ ಹೆಗ್ಗಳಿಕೆ. ಅದರ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಕರಗುವಂಥದು. ಆದ್ದರಿಂದ ಪುಡಿಯನ್ನೆಲ್ಲ ಹಿಟ್ಟಿಗೆ ಬೆರೆಸದೆ, ಅದರಲ್ಲಿ ಒಂದು ಚಮಚವನ್ನು ಒಗ್ಗರಣೆಯ ಎಣ್ಣೆಗೆ ಸಣ್ಣ ಉರಿಯಲ್ಲಿ ಹಾಕಬೇಕು. ಕಾರ್ಬನ್ ಸ್ಟೀಲಿನ ಕಾವು ಬೇಗ ತಗ್ಗುವುದರಿಂದ ಪುಡಿ ಕಪ್ಪಾಗದೆ, ಎಣ್ಣೆಯೇ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಕರಿದ ಹೂಕೋಸಿಗೆ ಈ ಎಣ್ಣೆ ಹೊಳಪಿನ ಕೆಂಪನ್ನು ಕೊಡುತ್ತದೆ. ತಳ್ಳುಗಾಡಿಯ ಕೆಂಪಿನಷ್ಟು ಗಾಢವಲ್ಲ, ಆದರೆ ಕಣ್ಣಿಗೆ ಸಾಕಷ್ಟು ಚೆಂದ, ಬೆರಳಿಗೆ ಅಂಟಿ ಉಳಿಯುವಂಥದ್ದೂ ಅಲ್ಲ.

ಕರಿಯುವ ಕೆಲಸದಲ್ಲಿ ಬಾಣಲೆ ನನಗೆ ಅತ್ಯಂತ ತೃಪ್ತಿ ಕೊಟ್ಟಿತು. ತಳ ಕಿರಿದಾಗಿ ಬಾಯಿ ಅಗಲವಾಗಿರುವುದರಿಂದ ಅರ್ಧ ಲೀಟರ್ ಎಣ್ಣೆಯಲ್ಲಿಯೇ ಹತ್ತು ಹನ್ನೆರಡು ತುಂಡುಗಳು ಮುಳುಗುತ್ತವೆ, ಎಣ್ಣೆ ಉಕ್ಕಿದರೂ ಅಂಚನ್ನು ದಾಟುವುದಿಲ್ಲ. ಹೂಕೋಸನ್ನು ಉಪ್ಪು ಮತ್ತು ಅರಿಶಿನ ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಬಸಿದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು. ಈ ಒಣಗಿಸುವ ಹಂತವನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಅರ್ಧ ಬಟ್ಟಲು ಮೈದಾ, ಕಾಲು ಬಟ್ಟಲು ಕಾರ್ನ್‌ಫ್ಲೋರ್, ಎರಡು ಚಮಚ ಅಕ್ಕಿಹಿಟ್ಟು ಎಂಬ ಅಳತೆ ನನಗೆ ಹಿಡಿಸಿದೆ. ಮೈದಾ ಹಿಡಿತ ಕೊಡುತ್ತದೆ, ಕಾರ್ನ್‌ಫ್ಲೋರ್ ಗರಿಮುರಿ ಕೊಡುತ್ತದೆ, ಅಕ್ಕಿಹಿಟ್ಟು ಆ ಗರಿಯನ್ನು ಇನ್ನಷ್ಟು ಹೊತ್ತು ಉಳಿಸುತ್ತದೆ. ಮೊದಲು 160 ಡಿಗ್ರಿಯ ಆಸುಪಾಸಿನಲ್ಲಿ ತಿಳಿಬಣ್ಣಕ್ಕೆ ಕರಿದು ತೆಗೆದು, ಹತ್ತು ನಿಮಿಷ ಆರಲು ಬಿಟ್ಟು, ಎಣ್ಣೆಯನ್ನು 185 ಡಿಗ್ರಿಯವರೆಗೆ ಕಾಯಿಸಿ ಮತ್ತೊಮ್ಮೆ ಒಂದು ನಿಮಿಷ ಕರಿಯಬೇಕು. ಒಳಗಿನ ತೇವ ಆರುವ ಹೊತ್ತಿನಲ್ಲಿ ಹೊರಪದರಕ್ಕೆ ಬರುತ್ತದೆ, ಎರಡನೆಯ ಕರಿತ ಅದನ್ನು ಓಡಿಸುತ್ತದೆ. ಥರ್ಮಾಮೀಟರ್ ಇಲ್ಲದವರು ಮರದ ಸಟ್ಟುಗದ ತುದಿಯನ್ನು ಎಣ್ಣೆಗೆ ಇಳಿಸಿ ನೋಡಬಹುದು; ಅದರ ಸುತ್ತ ಸಣ್ಣ ಗುಳ್ಳೆಗಳು ನಿರಂತರವಾಗಿ ಏಳುತ್ತಿದ್ದರೆ ಮೊದಲ ಕರಿತಕ್ಕೆ ಹದ ಬಂದಿದೆ ಎಂದರ್ಥ.

ಎಣ್ಣೆಯನ್ನು ಬೇರೆ ಪಾತ್ರೆಗೆ ಸುರಿದು, ಅದೇ ಬಾಣಲೆಯಲ್ಲಿ ಉಳಿದ ಜಿಡ್ಡಿನಲ್ಲಿಯೇ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳನ್ನು ಹುರಿಯಬಹುದು. ಸಾಸುಗಳನ್ನು ಹಾಕಿ, ಎರಡು ಚಮಚ ನೀರಿನಲ್ಲಿ ಕದಡಿದ ಅರ್ಧ ಚಮಚ ಕಾರ್ನ್‌ಫ್ಲೋರ್ ಸೇರಿಸಿದ ಮೇಲೆ ಅದು ಹೊಳೆಯುವ ಜೆಲ್ಲಿಯಂತಾದ ಕೂಡಲೇ ಗೋಬಿ ಹಾಕಿ, ಮೂರು ನಾಲ್ಕು ಸಲ ಎತ್ತಿ ಅಲುಗಿಸಿ, ಇಳಿಸಬೇಕು. ಹದವಾಗಿ ಮಾಡಿದ ಗೋಬಿ ಕಾಲು ಗಂಟೆಯವರೆಗೂ ಗರಿಯನ್ನು ಉಳಿಸಿಕೊಂಡಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಇಡುವುದಿದ್ದರೆ ಕರಿದದ್ದನ್ನೂ ಒಗ್ಗರಣೆಯನ್ನೂ ಬೇರೆಬೇರೆ ಇಟ್ಟುಕೊಂಡು, ಬಡಿಸುವಾಗ ಬೆರೆಸುವುದು ಸರಿ.

ಫ್ರೈಡ್ ರೈಸ್ ವಿಷಯದಲ್ಲಿ ಬಾಣಲೆಗಿಂತ ಅನ್ನದ ಪಾತ್ರ ದೊಡ್ಡದು. ನಮ್ಮ ಸೋನಾ ಮಸೂರಿ ಬಿಸಿಯಾಗಿರುವಾಗ ಹುರಿದರೆ ಮುರಿದು, ಸೋಯಾ ಸಾಸ್ ಬೆರೆಸಿದ ಚಿತ್ರಾನ್ನದಂತೆ ಆಗುತ್ತದೆ. ಎಂದಿಗಿಂತ ಕಡಿಮೆ ನೀರಿನಲ್ಲಿ ಉದುರುದುರಾಗಿ ಬೇಯಿಸಿ, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟ ಅನ್ನ ಇದಕ್ಕೆ ಹೇಳಿಮಾಡಿಸಿದ್ದು. ರಾತ್ರಿಯೆಲ್ಲ ಹೊರಗೆ ಇಟ್ಟ ಅನ್ನವನ್ನು ಮಾತ್ರ ಬಳಸಬಾರದು. ಅದರಲ್ಲಿ ಬೆಳೆಯಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ಚೆನ್ನಾಗಿ ಪಳಗಿದ ಬಾಣಲೆಯಲ್ಲಿ ತಣ್ಣಗಿನ ಅನ್ನದ ಕಾಳುಗಳು ತಳಕ್ಕೆ ಹಿಡಿಯದೆ ಪುಟಿಯುತ್ತವೆ. ನೂಡಲ್ಸ್ ತುಸು ತಾಳ್ಮೆ ಬೇಡುತ್ತದೆ: ಬಾಣಲೆ ಹೊಸದಾಗಿರುವ ಮೊದಲ ವಾರಗಳಲ್ಲಿ ಅದು ಅಂಟುತ್ತದೆ, ಕರಿಯುವ ಕೆಲಸಗಳು ಒಂದಷ್ಟಾದ ಮೇಲೆ ಅಂಟುವುದಿಲ್ಲ. ಆದ್ದರಿಂದ ಹೊಸ ಬಾಣಲೆಯಲ್ಲಿ ಮೊದಲು ಕರಿಯುವ ತಿನಿಸುಗಳನ್ನೂ, ಆಮೇಲೆ ತರಕಾರಿಯನ್ನೂ, ಕೊನೆಗೆ ನೂಡಲ್ಸನ್ನೂ ಮಾಡುವ ಕ್ರಮವನ್ನು ನಾನು ಸೂಚಿಸುತ್ತೇನೆ.

ಗೋಬಿ ಮತ್ತು ನೂಡಲ್ಸಿಗಷ್ಟೇ ಈ ಬಾಣಲೆಯನ್ನು ಮೀಸಲಿಟ್ಟರೆ ಅದರ ಅರ್ಧ ಗುಣ ನಮಗೆ ತಿಳಿಯದೆ ಉಳಿಯುತ್ತದೆ. ಚೀನಾದ ಮನೆಗಳಲ್ಲಿ ದಿನನಿತ್ಯ ಮಾಡುವ ತರಕಾರಿ ಪದಾರ್ಥಗಳು ಹೋಟೆಲಿನ ಮಂಚೂರಿಗಿಂತ ಎಷ್ಟೋ ಸರಳ, ಎಣ್ಣೆಯೂ ಕಡಿಮೆ. ಅವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ತುದೋ ಸಿ ಎಂಬ ಆಲೂಗಡ್ಡೆಯ ಎಳೆಗಳ ಹುರಿಪಲ್ಯ. ಆಲೂಗಡ್ಡೆಯನ್ನು ಬೆಂಕಿಕಡ್ಡಿಯಷ್ಟು ತೆಳುವಾಗಿ ಹೆಚ್ಚಿ, ನೀರು ತಿಳಿಯಾಗುವವರೆಗೆ ಎರಡು ಮೂರು ಬಾರಿ ತೊಳೆದು ಪಿಷ್ಟವನ್ನು ತೆಗೆದು, ಚೆನ್ನಾಗಿ ಬಸಿಯಬೇಕು. ಹೊಗೆಯಾಡುವ ಬಾಣಲೆಗೆ ಎಣ್ಣೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೂಡಲೇ ಆಲೂಗಡ್ಡೆ, ಅದರ ಹಿಂದೆಯೇ ಒಂದು ಚಮಚ ವಿನೆಗರ್. ಹುಳಿಯಿಂದ ಆಲೂಗಡ್ಡೆ ಮೆತ್ತಗಾಗದೆ, ಬೆಂದ ಮೇಲೂ ಕರುಂಕುರುಂ ಎನ್ನುತ್ತದೆ. ಎರಡು ಮೂರು ನಿಮಿಷಗಳಲ್ಲಿ ಪದಾರ್ಥ ಸಿದ್ಧ. ನಮ್ಮ ಆಲೂಗಡ್ಡೆ ಪಲ್ಯದ ಮೃದುತ್ವಕ್ಕೆ ಒಗ್ಗಿದ ನಾಲಿಗೆಗೆ ಇದು ಮೊದಲಿಗೆ ಬೇಯದಂತೆ ತೋರಬಹುದು, ಆದರೆ ಅನ್ನ ತಿಳಿಸಾರಿನೊಂದಿಗೆ ನಂಜಿಕೊಳ್ಳಲು ಎಷ್ಟು ಚೆನ್ನಾಗಿರುತ್ತದೆ ಎಂಬುದನ್ನು ಉಂಡೇ ತಿಳಿಯಬೇಕು.

ಸಿಚುವಾನ್ ಪ್ರಾಂತ್ಯದ ಹುರಿದ ಬೀನ್ಸ್ ಕೂಡ ಇಂಥದೇ. ಮೂಲದಲ್ಲಿ ಮಾಂಸದ ಚೂರುಗಳನ್ನು ಸೇರಿಸುವುದುಂಟು, ಅದಿಲ್ಲದೆಯೂ ರುಚಿಗೆ ಕೊರತೆಯಿಲ್ಲ. ತೊಳೆದು ಒರೆಸಿ ಒಣಗಿಸಿದ ಬೀನ್ಸನ್ನು ಸ್ವಲ್ಪವೇ ಎಣ್ಣೆಯಲ್ಲಿ, ನೀರು ಮುಟ್ಟಿಸದೆ, ಸಿಪ್ಪೆಯ ಮೇಲೆ ಸುಕ್ಕು ಮತ್ತು ಕಂದು ಚುಕ್ಕೆಗಳು ಮೂಡುವವರೆಗೆ ಹುರಿಯಬೇಕು. ಬಳಿಕ ಬೆಳ್ಳುಳ್ಳಿ, ಒಣಮೆಣಸು, ಉಪ್ಪು, ನಾಲ್ಕು ಹನಿ ಸೋಯಾ ಸಾಸ್. ಇದಕ್ಕೆ ಬೇಕಾದ ಸಿಚುವಾನ್ ಮೆಣಸು ಸಿಗದಿದ್ದರೆ ಚಿಂತೆಯಿಲ್ಲ. ನಾಲಿಗೆಯನ್ನು ಜುಮ್ಮೆನ್ನಿಸುವ ಅದೇ ಜಾತಿಯ ನಂಟ ನಮ್ಮ ಪಶ್ಚಿಮಘಟ್ಟದಲ್ಲಿದೆ. ಮಲೆನಾಡಿನವರು ಜುಮ್ಮನಕಾಯಿ ಎಂದೂ ಕೊಂಕಣಿಗರು ತೆಫಳ ಎಂದೂ ಕರೆಯುವ ಆ ಕಾಯಿಯ ಒಳಗಿನ ಕಪ್ಪು ಬೀಜವನ್ನು ತೆಗೆದು, ಸಿಪ್ಪೆಯನ್ನು ಮಾತ್ರ ಬಿಸಿಯಾಗಿ ಹುರಿದು ಪುಡಿಮಾಡಿ ಚಿಟಿಕೆಯಷ್ಟು ಉದುರಿಸಿದರೆ ಬೀನ್ಸಿನ ರುಚಿಯೇ ಬೇರೆಯಾಗುತ್ತದೆ. ಕೈಯಿಂದ ಹರಿದ ಎಲೆಕೋಸನ್ನು ಒಣಮೆಣಸು ಮತ್ತು ವಿನೆಗರ್ ಹಾಕಿ ದೊಡ್ಡ ಉರಿಯಲ್ಲಿ ಬಾಡಿಸುವ ಪದಾರ್ಥಕ್ಕೂ ಇದೇ ಬಾಣಲೆ ಬೇಕು. ಎಲೆಗಳ ಅಂಚು ಅಲ್ಲಲ್ಲಿ ಸೀಯುವುದೇ ಅದರ ಸೊಗಸು.

ತಿಂಡಿಗಳಲ್ಲಿ ಬೇಬಿ ಕಾರ್ನ್ ಮತ್ತು ಅಣಬೆಯ ಚಿಲ್ಲಿ, ತರಕಾರಿಯ ಸ್ಪ್ರಿಂಗ್ ರೋಲ್, ಎಲ್ಲಕ್ಕೂ ಬಾಣಲೆ ಚೆನ್ನಾಗಿ ಒದಗಿತು. ಈರುಳ್ಳಿ ಸೊಪ್ಪು ಹರಡಿ, ಸುರುಳಿ ಸುತ್ತಿ ಲಟ್ಟಿಸುವ ಚೀನೀ ಪದರ ರೊಟ್ಟಿಗೆ ಮಾತ್ರ ಇದರ ತಳ ಕಿರಿದಾಯಿತು. ಅದಕ್ಕೆ ದೋಸೆಯ ಕಾವಲಿಯೇ ಮೇಲು. ಮೋಮೋ ಬೇಯಿಸಲು ಈ ಬಾಣಲೆಯಲ್ಲಿ ನೀರು ಕುದಿಸುವುದನ್ನು ಕೆಲವರು ಸೂಚಿಸುತ್ತಾರೆ. ಬಹಳ ಹೊತ್ತು ನೀರು ಕುದಿದರೆ ಕಷ್ಟಪಟ್ಟು ಪಳಗಿಸಿದ ಪದರ ಸಡಿಲವಾಗುತ್ತದೆ. ಮನೆಯಲ್ಲಿ ಇಡ್ಲಿ ಪಾತ್ರೆ ಇರುವಾಗ ಇದರ ಅಗತ್ಯವೂ ಇಲ್ಲ.

ಸಾಸಿನ ಬಗ್ಗೆ ಕೊಳ್ಳುವವರು ಗಮನಿಸಬೇಕಾದ ಕೆಲವು ಮಾತು. ಸೋಯಾ ಸಾಸ್, ವಿನೆಗರ್ ಮತ್ತು ಒಂದು ಮೆಣಸಿನಕಾಯಿ ಸಾಸ್ ಇದ್ದರೆ ಮೇಲೆ ಹೇಳಿದ ಎಲ್ಲವನ್ನೂ ಮಾಡಬಹುದು. ಸೋಯಾ ಸಾಸಿನ ಒಂದು ಟೇಬಲ್ ಚಮಚದಲ್ಲಿಯೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಸಾಸ್ ಹಾಕಿ ರುಚಿ ನೋಡಿದ ನಂತರವೇ ಉಪ್ಪು. ಕೆಂಪು ಸಾಸಿನ ಲೇಬಲ್ ಮೇಲೆ 102, 110, 122 ಎಂಬ ಸಂಖ್ಯೆಗಳಿದ್ದರೆ ಅವು ಕ್ರಮವಾಗಿ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಬಣ್ಣಗಳು. ಬೀದಿಯ ಗೋಬಿಯಲ್ಲಿ ಬೇಡವೆಂದದ್ದನ್ನು ಬಾಟಲಿಯ ಮೂಲಕ ಮನೆಗೆ ತರುವುದರಲ್ಲಿ ಅರ್ಥವಿಲ್ಲ. 621 ಎಂದಿದ್ದರೆ ಅದು ನಾವು ಅಜಿನೊಮೊಟೊ ಎಂದು ಕರೆಯುವ ಮೊನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆದಾ ಅವರು ಕಡಲಪಾಚಿಯ ಸಾರಿನಲ್ಲಿ ಗುರುತಿಸಿದ ಈ ರುಚಿ ಸೋಯಾ ಸಾಸಿನಲ್ಲಿಯೂ ಟೊಮೆಟೊದಲ್ಲಿಯೂ ಸಹಜವಾಗಿಯೇ ಇದೆ. ಬಾಣಲೆಯ ಕಾವು ಸರಿಯಾಗಿದ್ದರೆ ಅದನ್ನು ಬೇರೆಯಾಗಿ ಹಾಕುವ ಅಗತ್ಯ ನನಗೆ ಕಂಡಿಲ್ಲ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುವುದರಿಂದ ಗ್ಲುಟೆನ್ ಒಗ್ಗದವರು ಲೇಬಲ್ ಓದಿಯೇ ಕೊಳ್ಳಬೇಕು.

ಇನ್ನು ಕೊರತೆಗಳು. ನನಗೆ ಬಂದ ಬಾಣಲೆಯ ಮರದ ಹಿಡಿಕೆಯ ಸ್ಕ್ರೂ ಕೆಲವು ವಾರಗಳಲ್ಲಿ ಸಡಿಲಗೊಂಡಿತು. ಬಿಗಿಗೊಳಿಸಿದರೂ ಮತ್ತೆ ಸಡಿಲವಾಗುತ್ತದೆ, ತುಂಬಿದ ಬಾಣಲೆಯನ್ನು ಎತ್ತುವಾಗ ಹಿಡಿಕೆ ತಿರುಗಿದರೆ ಅಪಾಯ. ಮಾರಾಟಗಾರರಿಗೆ ಬರೆದಾಗ ಬದಲಿ ಹಿಡಿಕೆ ಕೊಡುವ ವ್ಯವಸ್ಥೆ ಇಲ್ಲವೆಂಬ ಉತ್ತರ ಬಂತು. ರಿವೆಟ್ ಹೊಡೆದ ಹಿಡಿಕೆಯದನ್ನು ಕೊಳ್ಳುವುದು ಇದಕ್ಕಿಂತ ಉತ್ತಮ. ಎರಡನೆಯದು, ಹುಳಿ. ಟೊಮೆಟೊ, ಹುಣಸೆಹಣ್ಣು, ವಿನೆಗರ್ ಹೆಚ್ಚಾಗಿರುವ ಗ್ರೇವಿಗಳು ಪಳಗಿದ ಪದರವನ್ನು ತಿನ್ನುತ್ತವೆ, ಪದಾರ್ಥಕ್ಕೂ ಕಬ್ಬಿಣದ ಒಗರು ಬರುತ್ತದೆ. ಒಂದೆರಡು ಚಮಚ ವಿನೆಗರ್ ಹಾಕಿ ಎರಡು ನಿಮಿಷದಲ್ಲಿ ಇಳಿಸುವ ಆಲೂಗಡ್ಡೆ, ಎಲೆಕೋಸುಗಳಿಂದ ತೊಂದರೆಯಿಲ್ಲ. ಮಂಚೂರಿಯ ತೆಳು ಗ್ರೇವಿಯನ್ನು ಇದರಲ್ಲಿಯೇ ಬಿಟ್ಟು ಊಟಕ್ಕೆ ಕೂರಬಾರದು.

ಮೂರನೆಯದು ತೊಳೆಯುವ ಕಷ್ಟ. ಬಿಸಿನೀರು, ಮೆದುವಾದ ನಾರು, ಕೂಡಲೇ ಒರೆಸಿ ಒಲೆಯ ಮೇಲೆ ಒಣಗಿಸಿ ಎರಡು ಹನಿ ಎಣ್ಣೆ ಸವರುವುದು: ಇಷ್ಟು ಪ್ರತಿ ಸಲವೂ ಆಗಬೇಕು. ಪಾತ್ರೆ ತೊಳೆಯಲು ಬರುವವರಿಗೆ ಮೊದಲೇ ತಿಳಿಸಿರದಿದ್ದರೆ ಸ್ಟೀಲ್ ಉಜ್ಜುವ ನಾರಿನಿಂದ ಕಪ್ಪು ಪದರವನ್ನು ಕೊಳೆಯೆಂದು ಭಾವಿಸಿ ಉಜ್ಜಿ ಬೆಳ್ಳಗೆ ಮಾಡಿಡುತ್ತಾರೆ, ಅದು ಅವರ ತಪ್ಪಲ್ಲ. ಮಂಗಳೂರು, ಕಾರವಾರದ ಮಳೆಗಾಲದ ತೇವದಲ್ಲಿ ಒಂದು ರಾತ್ರಿ ಒದ್ದೆಯಾಗಿ ಬಿಟ್ಟರೂ ಸಾಕು, ಬೆಳಗ್ಗೆ ತುಕ್ಕು ಕಾಣಿಸುತ್ತದೆ. ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಪಳಗಿಸಬಹುದು, ಬಾಣಲೆ ಕೆಡುವುದಿಲ್ಲ. ನಾಲ್ಕನೆಯದು ಹೊಗೆ ಮತ್ತು ಘಾಟು. ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಏಳುವ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ. ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಇಲ್ಲದ ಅಡುಗೆಮನೆಗೆ, ಮನೆಯಲ್ಲಿ ಉಬ್ಬಸದವರು ಇದ್ದರಂತೂ, ಈ ಬಗೆಯ ಅಡುಗೆಯನ್ನು ನಾನು ಸೂಚಿಸಲಾರೆ.

ಇಂಡಕ್ಷನ್ ಒಲೆಯವರಿಗೂ ಒಂದು ಮಾತು. ಸಪಾಟು ತಳ ಇರುವುದರಿಂದ ಬಾಣಲೆ ಅದರ ಮೇಲೆ ಕೆಲಸ ಮಾಡುತ್ತದೆ, ಆದರೆ ಕಾಯುವುದು ತಳ ಮಾತ್ರ. ಬದಿಗಳು ತಣ್ಣಗೇ ಉಳಿಯುವುದರಿಂದ ಅಂಚಿಗೆ ಸುರಿದ ಸೋಯಾ ಸಾಸ್ ಚುರ್ರೆನ್ನುವುದಿಲ್ಲ. ಏಕಾಏಕಿ ಪೂರ್ತಿ ಶಾಖಕ್ಕೆ ಇಟ್ಟರೆ ತೆಳು ತಗಡು ಉಬ್ಬಿ, ತಳ ಸೊಟ್ಟಗಾಗುವ ಸಾಧ್ಯತೆಯೂ ಇದೆ. ಅಂಥವರು 2 ಮಿಲಿಮೀಟರ್ ದಪ್ಪದ್ದನ್ನು ಕೊಂಡು, ಮಧ್ಯಮ ಶಾಖದಿಂದ ಆರಂಭಿಸುವುದು ಒಳ್ಳೆಯದು. ಗ್ಯಾಸ್ ಒಲೆಯವರು ಅಂಗಡಿಯಲ್ಲಿಯೇ ಬಾಣಲೆಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಆಡುತ್ತದೆಯೇ ಎಂದು ನೋಡಬೇಕು, ಹಿಡಿಕೆಯನ್ನು ಹಿಡಿದು ಒಂದೇ ಕೈಯಲ್ಲಿ ಎತ್ತಿ ನೋಡಬೇಕು. ಗುಂಡು ತಳದ್ದು ಚೆಂದವೆನಿಸಿದರೂ ನಮ್ಮ ಒಲೆಯ ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುವುದಿಲ್ಲ. ಅಳತೆಯಲ್ಲಿ 30 ಸೆಂಟಿಮೀಟರ್ ಮೀರಿದರೆ ಮನೆಯ ಉರಿ ಅದನ್ನು ಪೂರ್ತಿ ಕಾಯಿಸಲಾರದು. ಇಬ್ಬರೇ ಇರುವ ಮನೆಗೆ 26 ಅಥವಾ 28 ಸೆಂಟಿಮೀಟರಿನದು ಸಾಕು.